ರೈತನ ಮಗನೂ ಅಧಿಕಾರಿ ಆಗಬಹುದಿತ್ತಾ?

ನಮಸ್ಕಾರ. ಹಳೆಯ ಚೀನಾದಲ್ಲಿ ರೈತನ ಮಗನೂ ಪರೀಕ್ಷೆ ಬರೆದು ದೊಡ್ಡ ಅಧಿಕಾರಿ ಆಗಬಹುದಿತ್ತು ಅನ್ನೋದು ನಿಜವಾ ಅಂತ ಕೇಳಿದ್ದೀರಿ. ನಿಯಮದ ಪ್ರಕಾರ ನಿಜ. ಆದರೆ ಹಾಗೆ ಮೇಲೆ ಬಂದವರು ಕಡಿಮೆ.

ಸುಯಿ ರಾಜವಂಶದ ಕಾಲದಲ್ಲಿ, ಸುಮಾರು 605ರಲ್ಲಿ ಶುರುವಾದ ಈ ಪರೀಕ್ಷೆ 1905ರಲ್ಲಿ ರದ್ದಾಯಿತು. ಮಂಗೋಲರ ಆಳ್ವಿಕೆಯಲ್ಲಿ ಕೆಲವು ದಶಕ ನಿಂತಿತ್ತು.

ನನಗೆ ತುಂಬಾ ಇಷ್ಟವಾಗುವುದು ಸಾಂಗ್ ಕಾಲದ (960–1279) ಏರ್ಪಾಡು. ಉತ್ತರಪತ್ರಿಕೆಯ ಮೇಲಿನ ಹೆಸರನ್ನು ಮುಚ್ಚಿ ಅಂಟಿಸುತ್ತಿದ್ದರು. ಅಷ್ಟಕ್ಕೇ ಬಿಡದೆ, ಗುಮಾಸ್ತರು ಇಡೀ ಉತ್ತರವನ್ನು ಬೇರೆ ಹಾಳೆಗೆ ನಕಲು ಮಾಡುತ್ತಿದ್ದರು. ಮೌಲ್ಯಮಾಪಕರ ಕೈಗೆ ಹೋಗುತ್ತಿದ್ದದ್ದು ಆ ನಕಲು ಮಾತ್ರ. ಕೈಬರಹ ನೋಡಿ ‘ಇವನು ನಮ್ಮವನು’ ಅಂತ ಗುರುತಿಸೋಕೆ ಆಗಬಾರದು, ಅಲ್ವಾ? ಸುಮಾರು ಸಾವಿರ ವರ್ಷದ ಹಿಂದೆಯೇ ಇಷ್ಟೆಲ್ಲ ಯೋಚಿಸಿದ್ದರು!

ತೊಡಕು ಇದ್ದದ್ದು ಪರೀಕ್ಷೆಗೆ ಬರುವ ಮುಂಚೆ. ಕನ್ಫ್ಯೂಷಿಯಸ್ ಪರಂಪರೆಯ ಗ್ರಂಥಗಳನ್ನು ಬಾಯಿಪಾಠ ಮಾಡಲು ವರ್ಷಗಟ್ಟಲೆ ಬೇಕು. ಅಷ್ಟು ಕಾಲ ಮಗನನ್ನು ಹೊಲದ ಕೆಲಸಕ್ಕೆ ಕರೆಯದೆ, ಮೇಷ್ಟ್ರಿಗೆ ಹಣ ಕೊಟ್ಟು ಓದಿಸುವ ಶಕ್ತಿ ಎಷ್ಟು ಮನೆಗಳಿಗಿತ್ತು? ಕೆಲವು ಕಡೆ ಒಂದೇ ಮನೆತನದವರು ಸೇರಿ, ಸಾಮೂಹಿಕ ಜಮೀನಿನ ಆದಾಯದಿಂದ ಜಾಣ ಹುಡುಗರನ್ನು ಓದಿಸುತ್ತಿದ್ದರು. ಬಡವರಿಗೆ ಅದೇ ದೊಡ್ಡ ಆಸರೆ. ಹೆಣ್ಣುಮಕ್ಕಳಿಗಂತೂ ಪ್ರವೇಶವೇ ಇರಲಿಲ್ಲ.

ಫೇಲಾದವರ ಕಥೆಯನ್ನೂ ಓದಿ. ಹಾಂಗ್ ಶಿಯೂಚುವಾನ್ ಹಕ್ಕಾ (ದಕ್ಷಿಣ ಚೀನಾದ ಒಂದು ಸಮುದಾಯ) ರೈತ ಕುಟುಂಬದ ಹುಡುಗ. ಗುವಾಂಗ್‌ಝೌನಲ್ಲಿ ಮತ್ತೆ ಮತ್ತೆ ಫೇಲಾದ. ಮುಂದೆ ಅವನೇ ಚೀನಾದ ಚಕ್ರವರ್ತಿಯ ವಿರುದ್ಧ ಎದ್ದ ತೈಪಿಂಗ್ ದಂಗೆಯ ನಾಯಕನಾದ. 1850ರಿಂದ 1864ರವರೆಗಿನ ಆ ಯುದ್ಧದಲ್ಲಿ ಕೋಟ್ಯಂತರ ಜನ ಸತ್ತರು. ದಂಗೆಗೆ ಪರೀಕ್ಷೆಯೊಂದೇ ಕಾರಣ ಅಲ್ಲ, ಬಡತನವೂ ಇತ್ತು, ಬ್ರಿಟನ್ ಜೊತೆಗಿನ ಅಫೀಮು ಯುದ್ಧದ ಪೆಟ್ಟೂ ಇತ್ತು. ನಾನ್‌ಜಿಂಗ್ ನಗರವನ್ನು ಹಿಡಿದ ಮೇಲೆ ಅವನ ಸರ್ಕಾರವೂ ತನ್ನದೇ ಪರೀಕ್ಷೆ ನಡೆಸಿತು.