ಸೋಲಾರ್ ಪ್ಯಾನೆಲ್ ಬಿರುಕು ಮೊಬೈಲ್ ಫೋಟೊದಲ್ಲಿ ಗೊತ್ತಾಗುತ್ತಾ?

ಅಣ್ಣಾ, ಚಳ್ಳಕೆರೆ ತೋಟದಲ್ಲಿ ಸೋಲಾರ್ ಪಂಪ್ ನಡು ಮಧ್ಯಾಹ್ನವೂ ನೀರು ಕಡಿಮೆ ಎತ್ತುತ್ತಿದೆ, ಮೊಬೈಲ್ ಫೋಟೊ ಹಾಕಿದರೆ ಎಐ ಬಿರುಕು ಹಿಡಿಯುತ್ತದಂತೆ, ನಂಬಬಹುದಾ ಅಂತ ಕೇಳಿದ್ದೀರಿ. ಅದನ್ನೇ ನಂಬಿ ದುಡ್ಡು ಹಾಕಬೇಡಿ.

ಈ ಎಐ ಹಿಂದಿರುವುದು ಡೀಪ್ ಲರ್ನಿಂಗ್. ಅಂದರೆ ಒಳ್ಳೆಯ ಸೆಲ್ (ಪ್ಯಾನೆಲ್‌ನಲ್ಲಿ ಕಾಣುವ ಚೌಕ), ಕೆಟ್ಟ ಸೆಲ್ ಎರಡರ ಚಿತ್ರಗಳನ್ನೂ ರಾಶಿಗಟ್ಟಲೆ ತೋರಿಸಿ ಕಂಪ್ಯೂಟರಿಗೆ ಗುರುತು ಹಿಡಿಯೋದನ್ನು ಕಲಿಸುವುದು. ಚಿತ್ರದಲ್ಲೇ ಇಲ್ಲದ್ದು ಅದಕ್ಕೂ ಕಾಣುವುದಿಲ್ಲ. ಒಡೆದ ಗಾಜು, ಹಕ್ಕಿ ಹಿಕ್ಕೆ ಮೊಬೈಲ್ ಫೋಟೊದಲ್ಲಿ ಬೀಳುತ್ತವೆ, ಸರಿ. ಅವು ನಮ್ಮ ಕಣ್ಣಿಗೂ ಕಾಣುತ್ತವೆ, ಅಲ್ವಾ? ಸೆಲ್ ಒಳಗಿನ ಕೂದಲೆಳೆ ಬಿರುಕು ಬೀಳುವುದಿಲ್ಲ. ಅದಕ್ಕೆ ಕತ್ತಲಲ್ಲಿ ಪ್ಯಾನೆಲ್‌ಗೇ ಹೊರಗಿನಿಂದ ಕರೆಂಟ್ ಕೊಡುತ್ತಾರೆ. ಆಗ ಸೆಲ್‌ಗಳು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಡುತ್ತವೆ, ಕರೆಂಟ್ ಹರಿಯದ ಜಾಗ ಕಪ್ಪಗೆ ಉಳಿಯುತ್ತದೆ. ಆ ಚಿತ್ರ ತೆಗೆಯುವ ಕ್ಯಾಮೆರಾನೇ ಬೇರೆ. ಜರ್ಮನಿಯ ಸಂಶೋಧಕರು 44 ಪ್ಯಾನೆಲ್‌ಗಳಿಂದ ಇಂಥ 2,624 ಸೆಲ್ ಚಿತ್ರ ತೆಗೆದು ಎಲ್ಲರಿಗೂ ಸಿಗುವ ಹಾಗೆ ಇಟ್ಟಿದ್ದಾರೆ. 2019ರ ಅವರ ಪ್ರಬಂಧದಲ್ಲಿ ಡೀಪ್ ಲರ್ನಿಂಗ್ ಶೇ 88.42ರಷ್ಟು ಸರಿ ಹೇಳಿತ್ತು. ಅಷ್ಟು ಸ್ವಚ್ಛವಾದ ಚಿತ್ರಗಳಿಗೇ ಅಷ್ಟು.

ಪಾವಗಡದಂಥ ದೊಡ್ಡ ಸೋಲಾರ್ ಪಾರ್ಕಿನಲ್ಲಿ ಒಂದೊಂದೇ ಪ್ಯಾನೆಲ್ ನೋಡುತ್ತಾ ಕೂರಲಾಗುವುದಿಲ್ಲ. ಅಲ್ಲಿ ಡ್ರೋನ್, ಬಿಸಿಯಾದ ಜಾಗ ತೋರಿಸುವ ಥರ್ಮಲ್ ಕ್ಯಾಮೆರಾ, ಎಐ ಮೂರೂ ಸೇರಿದರೆ ನಿಜಕ್ಕೂ ಲಾಭ. ನಿಮ್ಮ ಹತ್ತು ಹದಿನೈದು ಪ್ಯಾನೆಲ್‌ಗೆ ವೋಲ್ಟೇಜ್, ಕರೆಂಟ್ ಅಳೆಯುವ ಮಲ್ಟಿಮೀಟರ್ ಸಾಕು.

ಮೊದಲು ತೊಳೆಯಿರಿ. ಬೆಳಿಗ್ಗೆ, ಗಾಜು ತಣ್ಣಗಿರುವಾಗ. ನಮ್ಮ ಕಡೆ ಬೋರ್ ನೀರು ಗಡಸು, ಹಾಗೇ ಒಣಗಲು ಬಿಟ್ಟರೆ ಬಿಳಿ ಕಲೆ ಕೂರುತ್ತದೆ, ವೈಪರ್‌ನಲ್ಲಿ ಎಳೆದುಬಿಡಿ. ಪ್ಯಾನೆಲ್ ಮೇಲೆ ಮಾತ್ರ ಕಾಲಿಡಬೇಡಿ, ಕಾಣದ ಬಿರುಕು ಬರುವ ದಾರಿ ಅದೂ ಒಂದು. ತೆಂಗಿನ ಗರಿಯ ನೆರಳು ಎಲ್ಲಾದರೂ ಬೀಳುತ್ತಿದೆಯಾ ನೋಡಿ. ಒಂದೇ ಸೆಲ್ ಮೇಲೆ ಬಿದ್ದರೂ ಒಂದಕ್ಕೊಂದು ಜೋಡಿಸಿದ ಪ್ಯಾನೆಲ್‌ಗಳ ಇಡೀ ಸಾಲಿಗೆ ಪೆಟ್ಟು.

ಆಮೇಲೆ ಒಳ್ಳೆಯ ಬಿಸಿಲಲ್ಲಿ ಎಲೆಕ್ಟ್ರಿಷಿಯನ್ ಕರೆಸಿ ಒಂದೊಂದೇ ಪ್ಯಾನೆಲ್‌ನ ವೋಲ್ಟೇಜ್ ನೋಡಿಸಿ. ಪಂಪಿನ ಕಂಟ್ರೋಲರ್ ಆಫ್ ಮಾಡದೆ ಕನೆಕ್ಟರ್ ಕೀಳಲೇಬಾರದು. ಸಾಲಿನಲ್ಲಿ ನೂರಾರು ವೋಲ್ಟ್ ಡಿಸಿ ಇರುತ್ತದೆ, ಕಿಡಿ ಹತ್ತಿದರೆ ಬೇಗ ಆರುವುದಿಲ್ಲ. 72 ಸೆಲ್‌ನ ಪ್ಯಾನೆಲ್ ಆದರೆ ಬಿಸಿಲಿಗೆ ಕಾದಾಗ ತಲಾ 40 ವೋಲ್ಟ್ ಆಸುಪಾಸು ಬರಬೇಕು. ಒಂದು ಮಾತ್ರ 27 ತೋರಿಸಿದರೆ ಮೊದಲ ಅನುಮಾನ ಬೈಪಾಸ್ ಡಯೋಡ್ ಮೇಲೆ, ಅಂದರೆ ನೆರಳು ಬಿದ್ದ ಸೆಲ್‌ಗಳನ್ನು ಬಿಟ್ಟು ಕರೆಂಟ್ ದಾಟಿಸುವ ಬಿಡಿಭಾಗದ ಮೇಲೆ. ಪ್ಯಾನೆಲ್ ಹಿಂಬದಿಯ ಡಬ್ಬಿಯಲ್ಲಿ ಸಾಮಾನ್ಯವಾಗಿ ಮೂರಿರುತ್ತವೆ, ಒಂದು ಶಾರ್ಟ್ ಆದರೆ ಮೂರನೇ ಒಂದು ಭಾಗ ಹೋದಂತೆ. ಡಬ್ಬಿ ನೀವೇ ಬಿಚ್ಚಬೇಡಿ, ವಾರಂಟಿ ತಕರಾರು ಬರುತ್ತದೆ.

ವೋಲ್ಟೇಜ್ ಎಲ್ಲಾ ಸರಿಯಿದ್ದು ಒಂದರಲ್ಲಿ ಮಾತ್ರ ಆಂಪಿಯರ್ ಕಡಿಮೆ ಬಂದರೆ ಆಗ ಬಿರುಕಿನ ಮಾತು, ಥರ್ಮಲ್ ಕ್ಯಾಮೆರಾ ಇರುವವರನ್ನು ಕರೆಸಿ. ಎರಡೂ ಸರಿಯಿದ್ದರೆ ಪ್ಯಾನೆಲ್ ಬಿಟ್ಟು ಬೋರ್‌ನ ನೀರಿನ ಮಟ್ಟ, ಪಂಪ್ ನೋಡಿಸಿ. ಪ್ಯಾನೆಲ್ ಹಿಂಬದಿಯ ಸ್ಟಿಕ್ಕರ್ ಫೋಟೊ, ಮೀಟರ್ ರೀಡಿಂಗ್ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.