ಎಡಗೈಯವರು ಸಾಲಾಗಿ ನಿಂತರೆ

6ನೇ ಇನಿಂಗ್ ನಂತರ ಹಾಸನದ ನಿಮ್ಮ ಕಾಲೇಜು ಬೇಸ್‌ಬಾಲ್ ತಂಡಕ್ಕೆ ರನ್ನೇ ಬರುತ್ತಿಲ್ಲ ಅಂದಿರಿ, ಅಲ್ವಾ? ಮೂವರು ಎಡಗೈ ಬ್ಯಾಟರ್‌ಗಳನ್ನು ಬ್ಯಾಟಿಂಗ್ ಕ್ರಮದ 3, 4, 5ರಲ್ಲಿ ಸಾಲಾಗಿ ಇಟ್ಟಿರುವುದೇ ಬಹುಶಃ ಕಾರಣ. ಆ ಹೊತ್ತಿಗೆ ಎದುರಾಳಿ ಚೆಂಡೆಸೆಯಲು ಒಬ್ಬ ಎಡಗೈ ಪಿಚರ್‌ನನ್ನು ಇಳಿಸಿದರೆ ಮೂವರಿಗೂ ಕಷ್ಟ. ಅವನ ಬಾಗಿ ಬರುವ ಕರ್ವ್‌ಬಾಲ್ ಬೆನ್ನ ಕಡೆಯಿಂದ ಬಂದಂತೆ ಕಂಡು ಹೊರಗೆ ಜಾರುತ್ತದೆ. ಬ್ಯಾಟರ್‌ನ ಮುಂದಿನ ಭುಜ ಬೇಗ ತೆರೆದುಕೊಂಡು ಬ್ಯಾಟು ಚೆಂಡಿಗೆ ಎಟುಕುವುದೇ ಇಲ್ಲ. ಚಿಕ್ಕಮಗಳೂರಲ್ಲಿ ನಮ್ಮ ತಂಡಕ್ಕೂ ಹೀಗೇ ಆಗಿತ್ತು.

ಮೊದಲು, ಎಡ-ಬಲ ಎರಡೂ ಕಡೆಯಿಂದ ಬ್ಯಾಟ್ ಬೀಸಬಲ್ಲ ನಿಮ್ಮ ಸ್ವಿಚ್ ಹಿಟ್ಟರ್‌ನನ್ನು 4ಕ್ಕೆ ತನ್ನಿ. ಆಮೇಲೆ ವೇಗವಾಗಿ ಓಡುವ ಎಡಗೈಯವನನ್ನು 1ಕ್ಕೆ ಹಾಕಿ, ಅವನಿಗೆ ಮೊದಲ ಬೇಸ್ ಒಂದೆರಡು ಹೆಜ್ಜೆ ಹತ್ತಿರ. ಮಿಕ್ಕ ಇಬ್ಬರ ನಡುವೆ ಬಲಗೈಯವರು ಬರಲಿ. ಆದರೆ ಸುಮ್ನೆ ಎಡ-ಬಲ ಹೊಂದಿಸಲು ಹೋಗಿ ಚೆನ್ನಾಗಿ ಹೊಡೆಯುವವನನ್ನು ಕೆಳಗೆ ತಳ್ಳಬೇಡಿ.

ಸ್ವಿಚ್ ಹಿಟ್ಟರ್ ಆಟ ನಾನು ನೋಡಿಲ್ಲ. ಎರಡೂ ಕಡೆಯಿಂದ 20-20 ಚೆಂಡು ಆಡಿಸಿ. ಒಂದು ಕಡೆ ತೀರಾ ಸಪ್ಪೆ ಅನಿಸಿದರೆ 4ಕ್ಕೆ ಗಟ್ಟಿ ಬಲಗೈಯವನನ್ನೇ ಹಾಕಿ.