ತೋಟಕ್ಕೆ ನಡೆದು ಹೋಗುತ್ತಿದ್ದವರು ಯಾರು?

ಮಾನ್ಯರೇ,

ಇಂಗ್ಲಿಷ್ ಸುದ್ದಿಬರಹದಲ್ಲಿ ಕಾಣುವ ವ್ಯಾಕರಣದ ಮತ್ತು ತರ್ಕದ ತಪ್ಪುಗಳ ಬಗ್ಗೆ ತಾವು ಸೋಮವಾರಪೇಟೆಯಿಂದ ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ಶೇಕಡಾ 20 ಇದ್ದದ್ದು ಶೇಕಡಾ 25 ಆದರೆ ಎರಡರ ನಡುವಿನ ನೇರ ಅಂತರ 5 ಪರ್ಸೆಂಟೇಜ್ ಪಾಯಿಂಟ್, ಮೊದಲಿನ 20ಕ್ಕೆ ಹೋಲಿಸಿದರೆ ಏರಿಕೆ ಶೇಕಡಾ 25 ಎಂಬುದನ್ನು ಸರಿಯಾಗಿ ವಿವರಿಸಿದ್ದೀರಿ. ಆದರೆ ಎರಡು ಕಡೆ ನನಗೆ ಬೇಸರವಾಯಿತು. ಅದನ್ನು ಮುಚ್ಚಿಡದೆ ಹೇಳುತ್ತೇನೆ.

ಮೊದಲನೆಯದು ಕಾಡಾನೆಯ ಉದಾಹರಣೆ. ‘ವಾಕಿಂಗ್ ಟು ದಿ ಎಸ್ಟೇಟ್, ಎ ವೈಲ್ಡ್ ಎಲಿಫೆಂಟ್ ಅಟ್ಯಾಕ್ಡ್ ಎ ವರ್ಕರ್’ ಎಂಬ ವಾಕ್ಯವನ್ನು ಎತ್ತಿಕೊಂಡು, ಕಾಲ ತಪ್ಪಿದೆ, ‘ಹ್ಯಾಡ್ ಅಟ್ಯಾಕ್ಡ್’ ಎಂದಿರಬೇಕು ಎಂದು ತಿದ್ದಿದ್ದೀರಿ. ತಪ್ಪು ಕಾಲದಲ್ಲಿಲ್ಲ, ಕರ್ತೃವಿನಲ್ಲಿದೆ. ‘ವಾಕಿಂಗ್’ ಎಂಬುದು ಅಲ್ಪವಿರಾಮದ ಆಚೆಗಿನ ಕರ್ತೃವಿಗೆ ಅಂಟಿಕೊಳ್ಳುವುದರಿಂದ ತೋಟಕ್ಕೆ ನಡೆದು ಹೋಗುತ್ತಿದ್ದದ್ದು ಆನೆ ಎಂದಾಗುತ್ತದೆ. ತಮ್ಮ ತಿದ್ದುಪಡಿಯಲ್ಲಿಯೂ ನಡೆಯುತ್ತಿರುವುದು ಆನೆಯೇ. ಅದನ್ನು ಕನ್ನಡದಲ್ಲಿ ಹೇಳಿ ನೋಡಿ: ‘ತೋಟಕ್ಕೆ ನಡೆದು ಹೋಗುತ್ತಾ ಕಾಡಾನೆ ಕಾರ್ಮಿಕನ ಮೇಲೆ ದಾಳಿ ಮಾಡಿತು.’ ನಮ್ಮ ಕಿವಿ ಇದನ್ನು ಒಪ್ಪುವುದಿಲ್ಲ, ಏಕೆಂದರೆ ‘ಹೋಗುತ್ತಾ’ ಎಂದರೆ ಎರಡೂ ಕ್ರಿಯೆಗಳಿಗೆ ಒಬ್ಬನೇ ಕರ್ತೃ ಇರಬೇಕು; ಕರ್ತೃಗಳು ಬೇರೆಯಾದಾಗ ‘ಕಾರ್ಮಿಕ ಹೋಗುತ್ತಿದ್ದಾಗ’ ಎನ್ನುತ್ತೇವೆ.

ಆದ್ದರಿಂದಲೇ ತಮ್ಮ ಕೊನೆಯ ವಾಕ್ಯ ನನ್ನನ್ನು ಹೆಚ್ಚು ನೋಯಿಸಿತು: ‘ಇಂತಹ ತಪ್ಪುಗಳಿಗೆ ವರದಿಗಾರರ ಕನ್ನಡ ಮಾಧ್ಯಮದ ಓದೇ ಕಾರಣ ಎಂಬುದು ಇದರಿಂದ ಸಾಬೀತಾಗುತ್ತದೆ.’ ತಾವು ಕೊಟ್ಟಿರುವ ಹನ್ನೆರಡು ವಾಕ್ಯಗಳಲ್ಲಿ ಒಂದನ್ನಾದರೂ ಬರೆದವರು ಎಲ್ಲಿ ಓದಿದವರೆಂದು ತಾವು ಹೇಳಿಲ್ಲ. ಈ ತಪ್ಪಿಗೆ ಇಂಗ್ಲಿಷಿನಲ್ಲಿ ‘ಡ್ಯಾಂಗ್ಲಿಂಗ್ ಪಾರ್ಟಿಸಿಪಲ್’ ಎಂಬ ಹೆಸರೇ ಇದೆ; ಇಂಗ್ಲೆಂಡಿನ ಕೋಶಕಾರ ಹೆನ್ರಿ ಫೌಲರ್ 1926ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಬಳಕೆಯ ಕೋಶದಲ್ಲಿ ಇದರ ಬಗ್ಗೆ ಎಚ್ಚರಿಸಿದ್ದು ಇಂಗ್ಲಿಷನ್ನೇ ಮನೆಮಾತಾಗಿ ಉಳ್ಳವರನ್ನು. ‘ಹೋಗುತ್ತಾ’ ಮತ್ತು ‘ಹೋಗುತ್ತಿದ್ದಾಗ’ಗಳ ನಡುವಿನ ಅಂತರ ಬಲ್ಲ ಕನ್ನಡ ಮಾಧ್ಯಮದ ಹುಡುಗಿಗೆ ಇದನ್ನು ಹಿಡಿಯುವುದು ಸುಲಭ ಎಂದೇ ನಾನು ನಂಬಿದ್ದೇನೆ.

ನಾನೂ ಕನ್ನಡ ಮಾಧ್ಯಮದಲ್ಲಿಯೇ ಓದಿದವನು. ಮಡಿಕೇರಿಯಲ್ಲಿ ಉಪಸಂಪಾದಕನಾಗಿ ಸೇರಿದ ಮೊದಲ ಮಳೆಗಾಲದಲ್ಲಿ, ಇಂಗ್ಲಿಷಿನಲ್ಲಿ ಬಂದ ಸುದ್ದಿಯನ್ನು ಕನ್ನಡಕ್ಕೆ ತಂದು ಹಿರಿಯರೊಬ್ಬರಿಗೆ ಗಟ್ಟಿಯಾಗಿ ಓದಿ ಹೇಳಬೇಕಿತ್ತು. ಒಂದು ರಾತ್ರಿ ‘ನೀರು ನಿಂತ ಗದ್ದೆಗಳನ್ನು ಪರಿಶೀಲಿಸಿ ಪರಿಹಾರ ಘೋಷಿಸಲಾಯಿತು’ ಎಂದು ಓದಿದೆ. ಅವರು ಕಣ್ಣು ಮುಚ್ಚಿಕೊಂಡೇ ಕೇಳಿದರು, ‘ಪರಿಶೀಲಿಸಿದವರು ಯಾರಪ್ಪ? ಘೋಷಿಸಿದವರು ಯಾರು?’ ಮೂಲದಲ್ಲಿಯೂ ಅದು ಇರಲಿಲ್ಲ. ಫೋನ್ ಮಾಡಿ ವಿಚಾರಿಸಿದಾಗ, ಗದ್ದೆ ನೋಡಿದವರು ತಹಶೀಲ್ದಾರರು, ಪರಿಹಾರದ ಮಾತಾಡಿದವರು ಗದ್ದೆಯ ಹತ್ತಿರವೇ ಹೋಗದ ಮಂತ್ರಿಗಳು ಎಂದು ತಿಳಿಯಿತು. ‘ಲಾಯಿತು’ ಎಂಬ ಮೂರಕ್ಷರದ ಹಿಂದೆ ಸುದ್ದಿಯ ಅರ್ಧ ಅಡಗಿತ್ತು. ಇಂದಿಗೂ ಕ್ರಿಯಾಪದ ಕಂಡಲ್ಲೆಲ್ಲ ಆ ಪ್ರಶ್ನೆಯನ್ನು ಕೇಳಿಕೊಳ್ಳುತ್ತೇನೆ.

ಅದನ್ನೇ ತಮ್ಮ ‘ಸಾಬೀತಾಗುತ್ತದೆ’ ಎಂಬುದಕ್ಕೂ ಕೇಳಿ: ಸಾಬೀತು ಮಾಡಿದವರು ಯಾರು, ಯಾವುದರಿಂದ? ಉತ್ತರ ಸಿಗದಿದ್ದರೆ ಆ ವಾಕ್ಯವನ್ನು ತೆಗೆದುಹಾಕಿ, ಆನೆಯ ಭಾಗವನ್ನು ಹೊಸದಾಗಿ ಬರೆದು ಲೇಖನವನ್ನು ಮತ್ತೆ ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಒಂದು ಪುಟ ಇಟ್ಟಿರುತ್ತೇನೆ.

ಇಂತಿ,
ಸಂಪಾದಕ